ನಾಲ್ಕು ತಾಲ್ಲೂಕು, ಒಂದು ವಿಲ್

ನಮ್ಮ ಅವ್ವನ ಚಿಕ್ಕಮ್ಮನ ಕಾಗದಪತ್ರ ನಾಲ್ಕು ತಾಲ್ಲೂಕಿನಲ್ಲಿ ಹರಡಿಕೊಂಡಿತ್ತು ಅಂದರೆ ಕೇಳಿದವರು ಯಾರೋ ದೊಡ್ಡ ಜಮೀನ್ದಾರಿಣಿ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ಆಕೆ ಹುಟ್ಟಿದ್ದು ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ, ಕಿಕ್ಕೇರಿ ಕಡೆ. ಕೊಟ್ಟಿದ್ದು ನಾಗಮಂಗಲ ತಾಲ್ಲೂಕಿಗೆ, ಮಳೆ ಹಿಡಿದರೆ ರಾಗಿ, ಕೈಕೊಟ್ಟರೆ ಹುರುಳಿ ಅನ್ನುವ ಸೀಮೆಗೆ. ಗಂಡನಿಗೆ ಕೆಲಸ ಶ್ರೀರಂಗಪಟ್ಟಣದಲ್ಲಿ. ಕೋಟೆಯೊಳಗೆ ನಾಡಹೆಂಚಿನ ಒಂದು ಪುಟ್ಟ ಮನೆ. ಸಂಬಳದಲ್ಲಿ ಉಳಿಸಿದ ದುಡ್ಡಿಗೆ ಪಾಂಡವಪುರ ತಾಲ್ಲೂಕಿನಲ್ಲಿ ವಿಶ್ವೇಶ್ವರಯ್ಯ ನಾಲೆಯ ಕೆಳಗೆ ಮೂವತ್ತು ಗುಂಟೆ ಗದ್ದೆ. ಹುಟ್ಟು, ಮದುವೆ, ಕೆಲಸ, ನೀರು ನಾಲ್ಕೂ ಒಂದೊಂದು ತಾಲ್ಲೂಕಿಗೆ ಹಂಚಿಹೋಗಿದ್ದವು. ನಮ್ಮ ಕಡೆ ಇದು ಹೊಸದೇನೂ ಅಲ್ಲ. ಈ ನಾಲ್ಕು ತಾಲ್ಲೂಕೂ ಸೇರಿಯೇ ಪಾಂಡವಪುರ ಉಪವಿಭಾಗ. ಹೆಣ್ಣು ಕೊಡುವುದು, ತರುವುದು, ಗದ್ದೆ ಕೊಳ್ಳುವುದು, ದಾವೆ ಹೂಡುವುದು ಎಲ್ಲವೂ ಇದರೊಳಗೇ ಸುತ್ತುತ್ತಿತ್ತು.

ಆಕೆಯನ್ನು ನಾವು ಪುಟ್ಟಜ್ಜಿ ಅನ್ನುತ್ತಿದ್ದೆವು. ಮಕ್ಕಳಿರಲಿಲ್ಲ. ಅವ್ವನನ್ನು ಸಾಕಿದವಳು ಅವಳೇ. ಆಕೆಯ ಗಂಡ, ನಮ್ಮ ತಾತ, 1977ರಲ್ಲಿ ತೀರಿಕೊಂಡರು. ಹನ್ನೊಂದು ವರ್ಷದ ಮೇಲೆ ಪುಟ್ಟಜ್ಜಿ ಆ ಮೂವತ್ತು ಗುಂಟೆಯನ್ನು ಅವ್ವನಿಗೆ ದಾನಪತ್ರ ಬರೆದು ರಿಜಿಸ್ಟರ್ ಮಾಡಿಸಿದಳು. ಗದ್ದೆ ಅವ್ವನ ಸ್ವಾಧೀನದಲ್ಲಿತ್ತು, ಕಂದಾಯ ಅವ್ವನೇ ಕಟ್ಟುತ್ತಿದ್ದಳು. ಆದರೆ ಪಹಣಿಯ ಒಂಬತ್ತನೇ ಕಾಲಂನಲ್ಲಿ ಮಾತ್ರ ತಾತನ ಹೆಸರು ಅಲ್ಲಾಡದೆ ಕೂತಿತ್ತು. ನಾನು ಮೇಷ್ಟ್ರ ಕೆಲಸದಿಂದ ನಿವೃತ್ತಳಾದ ವರ್ಷ, 2013ರಲ್ಲಿ, ಅವ್ವ ಹಟ ಹಿಡಿದಳು: “ನಾನ್ ಕಣ್ಮುಚ್ಚೋದ್ರೊಳಗೆ ಖಾತೆ ಆಗ್ಬೇಕು ಕಣವ್ವ. ಇಲ್ದಿದ್ರೆ ನೀವು ಅಣ್ಣತಂಗೀರು ಕೋರ್ಟಿಗೆ ಅಲೀತೀರಿ.”

ಖಾತೆಗೆ ಅರ್ಜಿ ಕೊಟ್ಟಾಗ ಕೇಳಿದ ಪ್ರಶ್ನೆ ನ್ಯಾಯವಾದದ್ದೇ. ದಾನಪತ್ರ ಸರಿ, ದಾನ ಕೊಟ್ಟ ಹೆಂಗಸಿಗೆ ಆ ಜಮೀನು ಹೇಗೆ ಬಂತು? ಗಂಡ ವಿಲ್ ಬರೆದಿದ್ದರು ಅಂದೆವು. ವಿಲ್ ಎಲ್ಲಿ? ಮನೆಯಲ್ಲಿರಲಿಲ್ಲ. ಟ್ರಂಕಿನಲ್ಲಿ ಕಂದಾಯದ ರಸೀದಿಗಳು, ತಾತನ ಒಂದು ಫೋಟೊ, ಮಡಿಕೆ ಮಡಿಕೆಯಲ್ಲೂ ಹರಿದ ಕ್ರಯಪತ್ರ, ಇಷ್ಟೇ ಇದ್ದದ್ದು. ಅವ್ವನಿಗೆ ಒಂದು ನೆನಪು ಮಾತ್ರ ಗಟ್ಟಿಯಾಗಿತ್ತು. ತಾತ ಹೋದ ಮಾರನೇ ವರ್ಷ ಪುಟ್ಟಜ್ಜಿಯನ್ನು ಮಂಡ್ಯದ ದೊಡ್ಡ ಕೋರ್ಟಿಗೆ ಕರೆದುಕೊಂಡು ಹೋಗಿದ್ದರು, ಆಮೇಲೆ ಬ್ಯಾಂಕಿನಲ್ಲಿದ್ದ ತಾತನ ದುಡ್ಡು ಬಂತು. ಅಷ್ಟೇ.

ಆ ನೆನಪಿನ ಅರ್ಥ ತಿಳಿಯಲು ನನಗೆ ಸ್ವಲ್ಪ ಕಾಲ ಹಿಡಿಯಿತು. ವಿಲ್‌ಗೆ ಕೋರ್ಟಿನ ಮೊಹರು ಹಾಕಿಸಿಕೊಳ್ಳುವುದಕ್ಕೆ ಪ್ರೊಬೇಟ್ ಅನ್ನುತ್ತಾರೆ. ನಮ್ಮ ಮೈಸೂರು ಸೀಮೆಯ ಹಿಂದೂಗಳಿಗೆ ಅದು ಎಂದೂ ಕಡ್ಡಾಯವಾಗಿರಲಿಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಹಿಂದೂಗಳ ವಿಲ್‌ಗೆ ಆ ಕಟ್ಟು ಹಾಕಿದ್ದು ಹಳೆಯ ಬಂಗಾಳ ಪ್ರಾಂತ್ಯಕ್ಕೆ, ಮದರಾಸು, ಬೊಂಬಾಯಿ ನಗರಗಳಿಗೆ ಮತ್ತು ಅಲ್ಲಿರುವ ಸ್ಥಿರಾಸ್ತಿಗೆ. ಹಾಗಾಗಿ ನಮ್ಮ ಹಳ್ಳಿಗಳಲ್ಲಿ ವಿಲ್ ಇದ್ದವರೆಲ್ಲ ಅದನ್ನು ಸೀದಾ ಶಾನುಭೋಗರ ಮುಂದೆ, ಆಮೇಲಿನ ಕಾಲದಲ್ಲಿ ಗ್ರಾಮ ಲೆಕ್ಕಿಗರ ಮುಂದೆ ಇಟ್ಟು ಖಾತೆ ಮಾಡಿಸಿಕೊಳ್ಳುತ್ತಿದ್ದರು. ಕೋರ್ಟಿಗೆ ಹೋಗುತ್ತಿದ್ದದ್ದು ಎರಡೇ ಕಾರಣಕ್ಕೆ. ಒಂದು, ದಾಯಾದಿಗಳ ಭಯ. ಇನ್ನೊಂದು, ಬ್ಯಾಂಕು. ಠೇವಣಿ ಇಟ್ಟವರು ತೀರಿಕೊಂಡರೆ, ನಾಮಿನಿ ಇಲ್ಲದಿದ್ದರೆ, ಬ್ಯಾಂಕಿನವರು ಕೋರ್ಟಿನ ಕಾಗದ ತನ್ನಿ ಅನ್ನುತ್ತಿದ್ದರು. ಪುಟ್ಟಜ್ಜಿಯ ವಿಷಯದಲ್ಲಿ ಎರಡೂ ಇತ್ತು. ಹಾಗಾಗಿ ನೂರಕ್ಕೆ ತೊಂಬತ್ತು ಮನೆಗಳಲ್ಲಿ ಇರದ ಒಂದು ಕೋರ್ಟಿನ ಕಡತ ನಮ್ಮ ಮನೆಯ ಹೆಸರಲ್ಲಿ ಎಲ್ಲೋ ಕಟ್ಟು ಕಟ್ಟಿಕೊಂಡು ಕೂತಿದೆ ಅಂತಾಯಿತು.

ನಾನು ಮೊದಲು ಮಾಡಿಸಿದ್ದು ಎಲ್ಲರೂ ಮಾಡಿಸುವ ಕೆಲಸ, ಇ.ಸಿ. ಗದ್ದೆಯ ಸರ್ವೆ ನಂಬರ್ ಬರೆದು, ಇಷ್ಟನೇ ಇಸವಿಯಿಂದ ಇಷ್ಟನೇ ಇಸವಿಗೆ ಋಣಭಾರ ಪತ್ರ ಕೊಡಿ ಅಂತ ಸಬ್ ರಿಜಿಸ್ಟ್ರಾರ್ ಕಚೇರಿಗೆ ಅರ್ಜಿ ಹಾಕಿದೆ. ಕಂಪ್ಯೂಟರಿನ ಇ.ಸಿ. ಸಿಗುವುದು 2004ರಿಂದ ಈಚೆಗೆ. ಅದಕ್ಕೆ ಹಿಂದಿನದನ್ನು ಕೈಯಿಂದಲೇ ತೆಗೆಯಬೇಕು. ಬಂತು. ತಾತ ಗದ್ದೆ ಕೊಂಡ ಕ್ರಯಪತ್ರ ಇದೆ, ಪುಟ್ಟಜ್ಜಿಯ ದಾನಪತ್ರ ಇದೆ. ನಡುವೆ ವಿಲ್ಲೇ ಇಲ್ಲ. ಕಚೇರಿಯ ಹೊರಗೆ ಟೈಪ್ ಮಾಡುವ ಹುಡುಗ ಇ.ಸಿ.ಯನ್ನು ಒಂದು ಸಲ ತಿರುಗಿಸಿ ನೋಡಿ, “ವಿಲ್ ರಿಜಿಸ್ಟರ್ ಆಗೇ ಇಲ್ಲ ಬಿಡಿ ಮೇಡಂ, ಬರೀ ಬಾಯಿಮಾತು” ಅಂದುಬಿಟ್ಟ.

ಈ ಮಾತನ್ನು ನಮ್ಮ ನಾಲ್ಕೂ ತಾಲ್ಲೂಕಿನಲ್ಲಿ ಎಷ್ಟು ಜನ ನಂಬಿ ಸುಮ್ಮನಾಗಿದ್ದಾರೋ. ನಿಜ ಬೇರೆ ಇದೆ. 1908ರ ನೋಂದಣಿ ಕಾಯ್ದೆಯ ಪ್ರಕಾರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಬೇರೆ ಬೇರೆ ಪುಸ್ತಕಗಳಿರುತ್ತವೆ. ಕ್ರಯ, ದಾನ, ವಿಭಾಗ, ಅಡಮಾನ ಇವೆಲ್ಲ ಹೋಗುವುದು ಒಂದನೇ ಪುಸ್ತಕಕ್ಕೆ. ವಿಲ್ ಮತ್ತು ದತ್ತು ತೆಗೆದುಕೊಳ್ಳಲು ಕೊಟ್ಟ ಅಧಿಕಾರಪತ್ರ ಹೋಗುವುದು ಮೂರನೇ ಪುಸ್ತಕಕ್ಕೆ. ಇ.ಸಿ. ಹುಟ್ಟುವುದು ಒಂದನೇ ಪುಸ್ತಕದ ಸೂಚಿಯಿಂದ. ಅದರಲ್ಲಿ ವಿಲ್ ಕಾಣಿಸಬೇಕಾದ್ದೇ ಇಲ್ಲ. ಒಂದನೇ ಪುಸ್ತಕವನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ಮೂರನೇ ಪುಸ್ತಕ ಹಾಗಲ್ಲ. ವಿಲ್ ಬರೆದವರು ಬದುಕಿರುವಷ್ಟು ದಿನ ಅವರಿಗೆ ಅಥವಾ ಅವರ ಏಜೆಂಟರಿಗೆ ಬಿಟ್ಟು ಬೇರೆ ಯಾರಿಗೂ ನಕಲು ಕೊಡುವ ಹಾಗಿಲ್ಲ. ಬರೆದವರು ಸತ್ತ ಮೇಲೆ ಅರ್ಜಿ ಕೊಟ್ಟ ಯಾರಿಗಾದರೂ ಕೊಡಬೇಕು. ಆದರೆ ಆಗಲೂ ಪುಸ್ತಕ ನಮ್ಮ ಕೈಗೆ ಬರುವುದಿಲ್ಲ, ಹುಡುಕುವ ಕೆಲಸವನ್ನು ನೋಂದಣಾಧಿಕಾರಿಯೇ ಮಾಡಬೇಕು. ಬದುಕಿರುವ ಮನುಷ್ಯ ತನ್ನ ಆಸ್ತಿಯನ್ನು ಯಾರಿಗೆ ಬರೆದ ಅಂತ ಅಣ್ಣತಮ್ಮಂದಿರಿಗೆ ಮೊದಲೇ ತಿಳಿದರೆ ಆ ಮನೆಯಲ್ಲಿ ಏನಾಗುತ್ತದೆ ಅನ್ನುವುದು ಈ ಕಾಯ್ದೆ ಬರೆದವರಿಗೆ ಚೆನ್ನಾಗಿ ಗೊತ್ತಿತ್ತು.

ಇದನ್ನೆಲ್ಲ ನನಗೆ ಬಿಡಿಸಿ ಹೇಳಿದವರು ಗಂಜಾಮಿನ ಒಬ್ಬ ಮುದುಕರು. ತಾತನ ಕೇಸು ನಡೆಸಿದ ವಕೀಲರು ತೀರಿಹೋಗಿ ಎಷ್ಟೋ ವರ್ಷವಾಗಿತ್ತು. ಇವರು ಅವರ ಗುಮಾಸ್ತರಾಗಿದ್ದವರು. ಎಂಬತ್ತು ದಾಟಿದ್ದರೂ ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಳ್ಳುವ ಅಭ್ಯಾಸ ಬಿಟ್ಟಿರಲಿಲ್ಲ. ಜಗಲಿಯ ಮೇಲೆ ಕೂರಿಸಿ, ಮಜ್ಜಿಗೆ ಕೊಡಿಸಿ, ನಾನು ಒಯ್ದಿದ್ದ ಇ.ಸಿ.ಯನ್ನು ಕಣ್ಣ ಹತ್ತಿರ ಹಿಡಿದು ನೋಡಿದರು.

“ವಿಲ್ ಬರ್ಸಿದ್ದು ಎಲ್ಲಿ?”

“ಗದ್ದೆ ಪಾಂಡವಪುರ ತಾಲ್ಲೂಕು…”

“ಗದ್ದೆ ಎಲ್ಲಾದ್ರೂ ಇರ್ಲಿ ತಾಯಿ. ಕ್ರಯಪತ್ರಕ್ಕೆ ಜಮೀನಿರೋ ಜಾಗ ಬೇಕು. ವಿಲ್‌ಗೆ ಆ ಕಟ್ಟುಪಾಡಿಲ್ಲ, ಯಾವ ಸಬ್ ರಿಜಿಸ್ಟ್ರಾರ್ ಹತ್ರ ಬೇಕಾದ್ರೂ ಮಾಡ್ಸಬೋದು. ನಿಮ್ ತಾತ ಊರಿಗೆ ಹಬ್ಬಕ್ಕೆ ಹೋದಾಗ ಮಾಡ್ಸಿರ್ತಾರೆ. ನಾಗಮಂಗಲ ನೋಡಿ.”

ಮಂಡ್ಯ ಕೋರ್ಟಿನಲ್ಲಿ ಪುಟ್ಟಜ್ಜಿಯ ಹೆಸರು ಕೊಟ್ಟು ಹುಡುಕಿಸಿದ್ದೆ, ಆ ಹೆಸರಿನಲ್ಲಿ ಯಾವ ಅರ್ಜಿಯೂ ಇಲ್ಲ ಅಂದರು ಅಂತ ಹೇಳಿದೆ. ಮುದುಕರು ನಕ್ಕರು.

“ಅವರ್ ಹೇಳಿದ್ದು ಸರಿಯಾಗೇ ಇದೆ. ಪ್ರೊಬೇಟ್ ಅನ್ನೋದು ಆಸ್ತಿ ಪಡೆದೋರ್ ತಗೊಳ್ಳೋದಲ್ಲ, ಎಕ್ಸಿಕ್ಯೂಟರ್ ತಗೊಳ್ಳೋದು. ನಿಮ್ಮಜ್ಜಿ ಹೆಸ್ರಲ್ಲಿ ನೂರು ವರ್ಷ ಹುಡುಕಿದ್ರೂ ಸಿಕ್ಕಾಕಿಲ್ಲ. ಎಕ್ಸಿಕ್ಯೂಟರ್ ಯಾರು ಅಂತ ಮೊದ್ಲು ಪತ್ತೆ ಮಾಡಿ.”

ಇಡೀ ಹುಡುಕಾಟದಲ್ಲಿ ನನಗೆ ಸಿಕ್ಕಿದ ಅತಿ ಉಪಯೋಗದ ಮಾತು ಇದು. ವಿಲ್ ಬರೆಯುವವರು, ತಾನು ಸತ್ತ ಮೇಲೆ ಇದನ್ನು ಜಾರಿ ಮಾಡು ಅಂತ ಒಬ್ಬರನ್ನು ಅದರಲ್ಲೇ ನೇಮಿಸಿದ್ದರೆ ಅವರೇ ಎಕ್ಸಿಕ್ಯೂಟರ್. ಕಾಯ್ದೆ ಪ್ರೊಬೇಟ್ ಕೊಡುವುದು ಅವರಿಗೆ ಮಾತ್ರ. ಯಾರನ್ನೂ ನೇಮಿಸದಿದ್ದರೆ ಆಗ ಆಸ್ತಿ ಪಡೆದವರು ವಿಲ್ ಲಗತ್ತಿಸಿ ಆಡಳಿತ ಪತ್ರ ಕೇಳಬೇಕು. ಅದು ಬೇರೆ ಅರ್ಜಿ. ಕೋರ್ಟಿನ ರಿಜಿಸ್ಟರಿನಲ್ಲಿ ಕೇಸು ಕೂರುವುದು ಅರ್ಜಿದಾರರ ಹೆಸರಲ್ಲಿ. ಸತ್ತವರ ಹೆಸರು ಒಳಗೆಲ್ಲೋ ಇರುತ್ತದೆ, ಹೆಂಡತಿಯ ಹೆಸರು ಇನ್ನೂ ಒಳಗೆ. ನಮ್ಮ ಹೆಣ್ಣುಮಕ್ಕಳ ಪಾಲಿಗೆ ಬಂದ ಎಷ್ಟೋ ಆಸ್ತಿಯ ಕಾಗದ ಹೀಗೆ ಮೇಷ್ಟ್ರು, ಪಟೇಲರು, ಅಳಿಯಂದಿರ ಹೆಸರಿನ ಕೆಳಗೆ ಹೂತುಹೋಗಿರುತ್ತದೆ. ಹುಡುಕುವವರಿಗೆ ಸಿಗದೆ ಹೋದದ್ದನ್ನು ಇಲ್ಲವೇ ಇಲ್ಲ ಅಂತ ಬರೆದುಕೊಳ್ಳುವುದು ಸುಲಭ.

ಎಕ್ಸಿಕ್ಯೂಟರ್ ಯಾರು ಅಂತ ತಿಳಿಯಲು ವಿಲ್‌ನ ನಕಲು ಬೇಕು. ಅದು ನಾಗಮಂಗಲದ ಮೂರನೇ ಪುಸ್ತಕದಲ್ಲಿದೆ. ಆ ಪುಸ್ತಕ ಬಾಯಿ ಬಿಡಬೇಕಾದರೆ ತಾತ ಸತ್ತದ್ದಕ್ಕೆ ಸರ್ಟಿಫಿಕೇಟ್ ಬೇಕು. ತಾತ ಸತ್ತದ್ದು ಹೆಂಡತಿಯ ತವರಲ್ಲಿ, ಕಿಕ್ಕೇರಿ ಕಡೆ. ಹಾಗಾಗಿ ನಾಗಮಂಗಲಕ್ಕೆ ಹೋಗುವ ದಾರಿ ಕೆ.ಆರ್. ಪೇಟೆಯ ಮೇಲೆ ಹಾದುಹೋಯಿತು.

ಸತ್ತ ದಿನ ಯಾವುದು? ಅವ್ವನ ಲೆಕ್ಕ ಇಂಗ್ಲಿಷ್ ಕ್ಯಾಲೆಂಡರಿನದಲ್ಲ. “ಮಾರ್ನಾಮಿ ಕಳ್ದು ಮೂರ್ನೇ ದಿನ. ಬನ್ನಿ ಇನ್ನೂ ದೇವರ ಮನೇಲೇ ಇತ್ತು.” ಸಾವಿನ ರಿಜಿಸ್ಟರಿನಲ್ಲಿ 1977ರ ಅಕ್ಟೋಬರ್ ಪುಟಗಳನ್ನು ತೆಗೆಸಿದೆ. ತಾತನ ಹೆಸರಿಲ್ಲ. ಗುಮಾಸ್ತೆ ಹೆಣ್ಣುಮಗಳು ತಾಳ್ಮೆಯವಳು. ಊರಿನ ಹೆಸರು ಹಿಡಿದು ಕೆಳಗಿನಿಂದ ಮೇಲಕ್ಕೆ ಬೆರಳು ಓಡಿಸುತ್ತ ಬಂದಳು. ಒಂದು ಸಾಲಿನಲ್ಲಿ ನಿಂತಳು. ಆಗಿನ ಗ್ರಾಮ ಲೆಕ್ಕಿಗರು ತಾತನ ಹೆಸರನ್ನು ಅರ್ಧ ಮಾತ್ರ ಬರೆದು, ತಂದೆಯ ಹೆಸರು ಬರೆಯಬೇಕಾದ ಕಡೆ ಮಾವನ ಹೆಸರು ಬರೆದಿದ್ದರು. ಊರಿಗೆ ಅವರು ಇಂಥವರ ಮನೆ ಅಳಿಯ, ಅಷ್ಟೇ. ಸಾವಿನ ಕಾರಣ: ಜ್ವರ. ವಯಸ್ಸು ಸರಿಯಾಗಿತ್ತು, ದಿನ ಸರಿಯಾಗಿತ್ತು. ಅದನ್ನು ತಿದ್ದಿಸಲು ಪಂಚರ ಹೇಳಿಕೆ, ಅಫಿಡವಿಟ್, ಇನ್ನೊಂದು ಅರ್ಜಿ. ಆ ಕತೆ ಬೇಡ, ಎಲ್ಲರಿಗೂ ಗೊತ್ತಿರುವುದೇ.

ಕೆ.ಆರ್. ಪೇಟೆಯ ಬಸ್ಸಿಗೆ ಕಾಯುತ್ತ ಕೂತಾಗ ನನಗೊಂದು ವಿಚಿತ್ರ ಹೊಳೆದಿತ್ತು. ಈ ತಾಲ್ಲೂಕಿನ ಕಲ್ಲುಗಳ ಮೇಲೆ ಹೊಯ್ಸಳರ ಕಾಲದಲ್ಲಿ ಬರೆಸಿದ ದಾನಶಾಸನಗಳಿವೆ. ಯಾವ ಕೆರೆಯ ಕೆಳಗೆ ಎಷ್ಟು ಗದ್ದೆ, ಅದರ ನಾಲ್ಕು ದಿಕ್ಕಿನ ಎಲ್ಲೆ ಯಾವುದು, ದಾನ ಕೊಟ್ಟವರು ಯಾರು, ಸಾಕ್ಷಿ ಯಾರು ಎಲ್ಲವನ್ನೂ ಬಿ.ಎಲ್. ರೈಸ್ ಅವರು 1898ರಲ್ಲೇ ಎಪಿಗ್ರಾಫಿಯಾ ಕರ್ನಾಟಿಕದ ನಾಲ್ಕನೇ ಸಂಪುಟದಲ್ಲಿ ಅಚ್ಚು ಹಾಕಿಸಿದ್ದಾರೆ. ಕೃಷ್ಣರಾಜಪೇಟೆ, ನಾಗಮಂಗಲ ಎರಡೂ ತಾಲ್ಲೂಕು ಅದರಲ್ಲಿವೆ. ಎಂಟುನೂರು ವರ್ಷದ ಹಿಂದಿನ ಗದ್ದೆಯ ಚಕ್ಕುಬಂದಿಯನ್ನು ಲೈಬ್ರರಿಯಲ್ಲಿ ಕೂತು ಓದಬಹುದು. ನಲವತ್ತು ವರ್ಷದ ಹಿಂದಿನದಕ್ಕೆ ಬಸ್ ಸ್ಟ್ಯಾಂಡಿನಲ್ಲಿ ಕೂರಬೇಕು.

ನಾಗಮಂಗಲದಲ್ಲಿ ಕೆಲಸ ಬೇಗ ಆಯಿತು. ನೋಂದಣಾಧಿಕಾರಿ ಒಬ್ಬರು ಕಿರಿಯ ವಯಸ್ಸಿನವರು. ಮೂರನೇ ಪುಸ್ತಕದ ನಕಲಿಗೆ ಅರ್ಜಿ ಬರುವುದೇ ಅಪರೂಪ ಅಂದರು. ನಾನು ಬೆಂಚಿನ ಮೇಲೆ ಕೂತಿದ್ದೆ, ಅವರೇ ಬೀರುವಿನಿಂದ ಸಂಪುಟ ತೆಗೆಸಿ ಪುಟ ತಿರುವಿದರು. ಅದು 1971ರ ಸಂಪುಟ. ಆ ಕಾಲದಲ್ಲಿ ಪತ್ರವನ್ನು ಕಚೇರಿಯ ನಕಲುಗಾರರು ಪುಸ್ತಕಕ್ಕೆ ಕೈಯಿಂದ ಇಳಿಸುತ್ತಿದ್ದರು. ನನಗೆ ಕೊಟ್ಟದ್ದು ಆ ನಕಲಿನ ನಕಲು. ಅಕ್ಷರ ದುಂಡಗೆ, ಒಂದು ಸಾಲೂ ಬಾಗದೆ ಇತ್ತು. ಹೊಡೆದುಹಾಕಿದ ಕಡೆಯಲ್ಲೆಲ್ಲ ಅಂಚಿನಲ್ಲಿ ಚಿಕ್ಕ ರುಜು.

ತಾತ ಎರಡು ಪುಟ ಬರೆಸಿದ್ದರು. ನಾಗಮಂಗಲದ ಖುಷ್ಕಿ ಪಿತ್ರಾರ್ಜಿತ, ಅಣ್ಣತಮ್ಮಂದಿರಲ್ಲಿ ಬಾಯಿಮಾತಿನಲ್ಲಿ ಪಾಲಾಗಿ ಇಷ್ಟು ವರ್ಷವಾಯಿತು, ನನ್ನ ಭಾಗಕ್ಕೆ ಬಂದ ಹೊಲ ಇಂಥದ್ದು, ತಮ್ಮಂದಿರ ಭಾಗ ಇಂಥಿಂಥದ್ದು; ಪಾಂಡವಪುರ ತಾಲ್ಲೂಕಿನ ತರಿ ನನ್ನ ಸ್ವಯಾರ್ಜಿತ; ಶ್ರೀರಂಗಪಟ್ಟಣದ ಮನೆ, ಬ್ಯಾಂಕಿನ ಠೇವಣಿ ಎಲ್ಲ ಹೆಂಡತಿಗೆ, ನಿರಾತಂಕವಾಗಿ ಅನುಭವಿಸಿಕೊಂಡು ಹೋಗತಕ್ಕದ್ದು. ಗದ್ದೆಯ ಬದುವಿನ ಮೇಲಿನ ಎರಡು ತೆಂಗಿನ ಮರಗಳನ್ನೂ ಬಿಡದೆ ಬರೆಸಿದ್ದರು. ಕೊನೆಯಲ್ಲಿ ಬಿಕ್ಕಲಂ, ಇಬ್ಬರು ಸಾಕ್ಷಿಗಳು. ಅದಕ್ಕೆ ಎರಡು ಸಾಲು ಮೇಲೆ ಎಕ್ಸಿಕ್ಯೂಟರ್ ಹೆಸರಿತ್ತು. ಅವರು ಪಕ್ಕದೂರಿನ ಪ್ರಾಥಮಿಕ ಶಾಲೆಯ ಮೇಷ್ಟ್ರು, ನಮಗೆ ನಂಟರೂ ಅಲ್ಲ, ನಮ್ಮ ಜಾತಿಯವರೂ ಅಲ್ಲ.

ಇಲ್ಲಿ ಒಂದು ತಮಾಷೆ ಹೇಳಬೇಕು. ಈ ವಿಲ್ ಇಲ್ಲದೇ ಇದ್ದಿದ್ದರೂ ಆಸ್ತಿ ಪುಟ್ಟಜ್ಜಿಗೇ ಬರುತ್ತಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ವಿಧವೆ ಮೊದಲ ದರ್ಜೆಯ ವಾರಸುದಾರಳು. ಮಕ್ಕಳಿಲ್ಲ, ತಾಯಿ ಮೊದಲೇ ತೀರಿದ್ದರು. ಹೆಂಡತಿ ಇರುವಾಗ ತಮ್ಮಂದಿರ ಸರದಿ ಬರುವುದೇ ಇಲ್ಲ. ಮೈಸೂರು ಸಂಸ್ಥಾನ ಇನ್ನೂ ಮುಂಚೆ, 1933ರಲ್ಲೇ, ಹಿಂದೂ ಹೆಂಗಸರ ಆಸ್ತಿ ಹಕ್ಕಿಗೆ ಕಾಯ್ದೆ ತಂದಿತ್ತು. ಆದರೆ ಹಳ್ಳಿಯಲ್ಲಿ ಕಾಯ್ದೆಯ ಮೇಲೆ ಯಾರು ಭರವಸೆ ಇಡುತ್ತಾರೆ? ಮಕ್ಕಳಿಲ್ಲದ ಹೆಂಗಸನ್ನು ದಾಯಾದಿಗಳು ಏನು ಮಾಡುತ್ತಾರೆ ಅನ್ನುವುದನ್ನು ತಾತ ಕಣ್ಣಾರೆ ಕಂಡಿದ್ದರು. ಕಾಯ್ದೆ ಕೊಟ್ಟದ್ದನ್ನು ಮತ್ತೊಮ್ಮೆ ಕಾಗದದಲ್ಲಿ ಬರೆಸಿದರು, ಬರೆಸಿದ್ದನ್ನು ನೋಂದಾಯಿಸಿದರು, ನೋಂದಾಯಿಸಿದ್ದನ್ನು ಕೋರ್ಟಿಗೆ ಒಯ್ಯಲು ಮೇಷ್ಟ್ರನ್ನು ಇಟ್ಟುಹೋದರು.

ಮೇಷ್ಟ್ರ ಹೆಸರು ಹಿಡಿದು ಮಂಡ್ಯಕ್ಕೆ ಹೋದೆ. ಪ್ರೊಬೇಟ್ ಕೊಡುವ ಅಧಿಕಾರ ಜಿಲ್ಲಾ ನ್ಯಾಯಾಧೀಶರದ್ದು; ಈ ಅರ್ಜಿಗಳು ಪಿ ಅಂಡ್ ಎಸ್.ಸಿ. ಅನ್ನುವ ತಲೆಬರಹದಲ್ಲಿ, ವಾರಸಾ ಪ್ರಮಾಣಪತ್ರದ ಅರ್ಜಿಗಳ ಜೊತೆಗೇ ನಮೂದಾಗುತ್ತವೆ. ಮಂಡ್ಯ ಜಿಲ್ಲೆ ಹುಟ್ಟಿದ್ದೇ 1939ರ ಜುಲೈ 1ರಂದು. ಅದಕ್ಕಿಂತ ಹಳೆಯ ಕಾಗದ ಹುಡುಕುವವರು ಮೈಸೂರಿನ ಕಡೆಗೆ ಮುಖ ಮಾಡಬೇಕು. ಊರುಗಳ ಹೆಸರನ್ನೂ ಆಗಿನಂತೆಯೇ ಕೇಳಬೇಕು: ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್ ಅಥವಾ ಹಿರೋಡೆ, ಕೆ.ಆರ್. ಪೇಟೆಗೆ ಅತ್ತಿಕುಪ್ಪೆ. ನಮ್ಮದು 1978ರದಾದ್ದರಿಂದ ಆ ಪಾಡು ಇರಲಿಲ್ಲ.

ಸರ್ಚ್ ಅರ್ಜಿಯಲ್ಲಿ ಈ ಸಲ ಮೂರು ಹೆಸರು ಬರೆದೆ: ಮೇಷ್ಟ್ರು, ತಾತ, ಪುಟ್ಟಜ್ಜಿ. ಮೊದಲನೆಯದರಲ್ಲಿ ಸಿಕ್ಕಿತು. ನಂಬರ್ ಸಿಕ್ಕ ಮೇಲೆ ನಕಲು ಅರ್ಜಿ. ನಾನು ಆ ಕೇಸಿನ ಪಕ್ಷಗಾರಳಲ್ಲ, ಮೂರನೆಯವಳು. ಹಾಗಾಗಿ ಕೋರ್ಟ್ ಫೀ ಸ್ಟಾಂಪಿನ ಜೊತೆಗೆ ಅಫಿಡವಿಟ್ ಹಾಕಿ, ಯಾಕೆ ಬೇಕು ಅಂತ ಕಾರಣ ಬರೆದು, ನ್ಯಾಯಾಧೀಶರ ಅನುಮತಿ ಪಡೆಯಬೇಕಿತ್ತು. ಮಾಹಿತಿ ಹಕ್ಕಿನಲ್ಲಿ ಹಾಕಿ ಅಂತ ಆಗ ಸಲಹೆ ಕೊಟ್ಟವರೂ ಇದ್ದರು. ಕೋರ್ಟಿನ ಕಡತಕ್ಕೆ ಕೋರ್ಟಿನ ನಕಲು ನಿಯಮವೇ ದಾರಿ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಗುಜರಾತಿನ ಪ್ರಕರಣವೊಂದರಲ್ಲಿ ಹೇಳಿಬಿಟ್ಟಿದೆ. ನನಗೆ ಕೇಳಿದರೆ ಅದೇ ಒಳ್ಳೆಯದು. ನಕಲು ವಿಭಾಗದಲ್ಲಿ ಕೊಟ್ಟ ದೃಢೀಕೃತ ನಕಲಿಗೆ ಇರುವ ತೂಕ ಮಾಹಿತಿ ಹಕ್ಕಿನ ಜೆರಾಕ್ಸಿಗೆ ಎಲ್ಲಿ ಬರಬೇಕು?

ನಕಲು ವಿಭಾಗದ ಮುಂದೆ ಕಾಯುವವರಲ್ಲಿ ಹೆಂಗಸರೇ ಹೆಚ್ಚಿದ್ದದ್ದು ನನಗೆ ಮೊದಲು ಆಶ್ಚರ್ಯವಾಯಿತು. ಆಮೇಲೆ ತಿಳಿಯಿತು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು ಬಂತು. ಆದರೆ 2004ರ ಡಿಸೆಂಬರ್ 20ಕ್ಕಿಂತ ಮೊದಲೇ ವಿಭಾಗ ಆಗಿಹೋಗಿದ್ದರೆ ಅದನ್ನು ಕೆದಕುವ ಹಾಗಿಲ್ಲ. ಆ ವಿಭಾಗವೂ ನೋಂದಣಿಯಾದ ಪತ್ರದಿಂದಲೋ ಕೋರ್ಟಿನ ಡಿಕ್ರಿಯಿಂದಲೋ ಆಗಿರಬೇಕು. ನಮ್ಮ ಕಡೆ ಪಾಲುಪಟ್ಟಿ ಆಗುತ್ತಿದ್ದದ್ದು ಬಿಳಿ ಹಾಳೆಯ ಮೇಲೆ, ಪಂಚಾಯ್ತರ ಮುಂದೆ. ಹಾಗಾಗಿ ಡಿಕ್ರಿ ಇದೆ ಅನ್ನುವ ಅಣ್ಣತಮ್ಮಂದಿರೂ, ಇದ್ದರೆ ತೋರಿಸಲಿ ಅನ್ನುವ ಅಕ್ಕತಂಗಿಯರೂ ಅದೇ ಕಿಟಕಿಗೆ ಬಂದು ನಿಲ್ಲುತ್ತಾರೆ. ಮಳವಳ್ಳಿ ಕಡೆಯ ಒಬ್ಬಾಕೆ ಚೀಲದಲ್ಲಿ ಊಟ ಕಟ್ಟಿಕೊಂಡೇ ಬಂದಿದ್ದಳು. “ನಮ್ಮಣ್ಣ ಯಾವ್ದೋ ನಂಬರ್ ಹೇಳ್ತಾನೆ ಅಕ್ಕ, ಆ ನಂಬರ್ರು ಯಾರ್ದೋ ಹಸೀನ ಕೇಸು” ಅಂದಳು.

ಕಡತ ಬಂದ ದಿನ ನಾನು ತುಸು ಹೊತ್ತು ಓದುತ್ತಲೇ ನಿಂತೆ. ಪ್ರೊಬೇಟ್ ಕೊಟ್ಟ ಮೇಲೆ ಮೂಲ ವಿಲ್ ಅರ್ಜಿದಾರರಿಗೆ ವಾಪಸ್ಸು ಬರುವುದಿಲ್ಲ, ಆ ಕೋರ್ಟಿನಲ್ಲೇ ಇಡಬೇಕು ಅಂತ ಕಾಯ್ದೆಯಲ್ಲಿದೆ. ಟ್ರಂಕು ಬರಿದಾಗಿದ್ದದ್ದು ಅದಕ್ಕೇ. ಮನೆಯಲ್ಲಿ ವಿಲ್ ಇಲ್ಲದ್ದನ್ನೇ ಹಿಡಿದು, ಇವರು ಹೇಳುವುದು ಸುಳ್ಳು ಅಂತ ದಾಯಾದಿಗಳು ಊರಲ್ಲಿ ಆಡಿಕೊಂಡಿದ್ದರು. ಕಡತದಲ್ಲಿ ಇತ್ತು ಅದು. ತಾತನ ರುಜು, ಕೊನೆಯ ಅಕ್ಷರದ ಬಾಲ ಉದ್ದಕ್ಕೆ ಎಳೆದದ್ದು. ಒಬ್ಬ ಸಾಕ್ಷಿಯ ಪ್ರಮಾಣಪತ್ರ, ಊರ ಚಾವಡಿಗೆ ಅಂಟಿಸಿದ ನೋಟಿಸಿನ ವರದಿ, ಯಾರೂ ತಕರಾರು ತರಲಿಲ್ಲ ಅನ್ನುವ ಆದೇಶ. ಎಕ್ಸಿಕ್ಯೂಟರ್ ಆದವರು ಆರು ತಿಂಗಳೊಳಗೆ ಆಸ್ತಿಯ ಪಟ್ಟಿ, ವರ್ಷದೊಳಗೆ ಲೆಕ್ಕ ಒಪ್ಪಿಸಬೇಕು. ಎಷ್ಟೋ ಜನ ಅದನ್ನು ಮಾಡುವುದೇ ಇಲ್ಲ. ನಮ್ಮ ಮೇಷ್ಟ್ರು ಮಾಡಿದ್ದರು, ಹಾಜರಿ ಪುಸ್ತಕಕ್ಕೆ ಗೆರೆ ಎಳೆದ ಹಾಗೆ ಗೆರೆ ಎಳೆದು: ನಾಗಮಂಗಲದ ಹಿತ್ತಾಳೆ ಕೊಳದಪ್ಪಲೆ ಎರಡು, ತಾಮ್ರದ ಹಂಡೆ ಒಂದು, ಹಸು ಒಂದು ಕರು ಸಹಿತ, ಹಳೆಯ ಸೈಕಲ್ ಒಂದು, ಬೆಲ್ ಇಲ್ಲ. ಆ ಬೆಲ್ಲನ್ನು ಕೋರ್ಟಿಗೆ ವರದಿ ಮಾಡಿದ ಮನುಷ್ಯನನ್ನು ನಾನು ನೋಡಲಿಲ್ಲವಲ್ಲ ಅನ್ನಿಸಿತು. ಎಕ್ಸಿಕ್ಯೂಟರ್ ಸಂಬಳವಿಲ್ಲದ ಕೆಲಸ, ಹೆಸರು ಕೆಡುವ ಸಾಧ್ಯತೆಯೇ ಹೆಚ್ಚು.

ಹೆಸರು ಕೆಡುವುದು ಹೇಗೆ ಅನ್ನುವುದಕ್ಕೆ ಹಳೇ ಮೈಸೂರಿನದೇ ಒಂದು ಪ್ರಸಿದ್ಧ ಪ್ರಕರಣವಿದೆ. ಎಚ್. ವೆಂಕಟಾಚಲ ಅಯ್ಯಂಗಾರ್ ಮತ್ತು ಬಿ.ಎನ್. ತಿಮ್ಮಾಜಮ್ಮ ನಡುವಿನದು, ಸುಪ್ರೀಂ ಕೋರ್ಟ್ 1958ರ ನವೆಂಬರಿನಲ್ಲಿ ತೀರ್ಪು ಕೊಟ್ಟಿತು. ಲಕ್ಷ್ಮಮ್ಮ ಅನ್ನುವವರು 1945ರಲ್ಲಿ ಬರೆದರು ಎನ್ನಲಾದ ವಿಲ್ ಹಿಡಿದು ಕೋರ್ಟಿಗೆ ಹೋದವರು ಅಲ್ಲೂ ಎಕ್ಸಿಕ್ಯೂಟರ್ರೇ. ವಿಲ್ ಬರೆಸುವುದರಲ್ಲಿ ತಾನೇ ಮುಂದೆ ನಿಂತು, ಅದರಿಂದ ಲಾಭವನ್ನೂ ಪಡೆಯುವವರಿದ್ದರೆ ಹುಟ್ಟುವ ಅನುಮಾನವನ್ನು ಅವರೇ ಪರಿಹರಿಸಬೇಕು ಅಂತ ನ್ಯಾಯಮೂರ್ತಿ ಗಜೇಂದ್ರಗಡ್ಕರ್ ಅವರು ಬರೆದರು, ವಿಲ್ ಊರ್ಜಿತವಾಗಲಿಲ್ಲ. ದೇಶದ ಯಾವ ಮೂಲೆಯಲ್ಲಿ ವಿಲ್ ಮೊಕದ್ದಮೆ ನಡೆದರೂ ವಕೀಲರು ಇಂದಿಗೂ ಈ ತೀರ್ಪನ್ನು ಎತ್ತುತ್ತಾರೆ. ನಮ್ಮ ಮೇಷ್ಟ್ರಿಗೆ ಆ ವಿಲ್‌ನಲ್ಲಿ ಒಂದು ಗುಂಟೆಯೂ ಇರಲಿಲ್ಲ. ತಾತ ಹುಷಾರಿದ್ದರು.

ಪಾಂಡವಪುರದಲ್ಲಿ ಕೊನೆಯ ಗಂಟು ಬಿಚ್ಚಬೇಕಿತ್ತು. ಪ್ರೊಬೇಟ್ 1978ರಲ್ಲೇ ಸಿಕ್ಕಿದ್ದರೆ ಖಾತೆ ಆಗಲೇ ಯಾಕೆ ಆಗಲಿಲ್ಲ? ಮ್ಯುಟೇಶನ್ ಕಡತ ತೆಗೆಸಿದಾಗ ಉತ್ತರ ಸಿಕ್ಕಿತು. ಕೋರ್ಟಿನ ನೋಟಿಸಿಗೆ ಬಾರದ ದಾಯಾದಿಗಳು ತಾಲ್ಲೂಕು ಕಚೇರಿಯಲ್ಲಿ ತಕರಾರು ಹಾಕಿದ್ದರು: ಗದ್ದೆ ಒಟ್ಟು ಕುಟುಂಬದ ದುಡ್ಡಿನಲ್ಲಿ ಕೊಂಡದ್ದು, ವಿಲ್ ಬರೆಯಲು ಅವರಿಗೆ ಹಕ್ಕೇ ಇರಲಿಲ್ಲ. ಪ್ರೊಬೇಟ್ ಈ ಮಾತಿಗೆ ಉತ್ತರ ಕೊಡುವುದಿಲ್ಲ. ವಿಲ್ ನಿಜವಾದದ್ದು, ಇವರೇ ಬರೆದದ್ದು ಅಂತ ಮಾತ್ರ ಪ್ರೊಬೇಟ್ ಹೇಳುತ್ತದೆ. ಆಸ್ತಿ ಅವರದ್ದೇ ಹೌದೋ ಅಲ್ಲವೋ ಅನ್ನುವುದು ಬೇರೆ ಜಗಳ. ಕಡತ ಮೇಲ್ಮನವಿಯಾಗಿ ಉಪವಿಭಾಗಾಧಿಕಾರಿಗಳಲ್ಲಿಗೆ ಹೋಗಿ, ತಕರಾರುದಾರರು ಹಾಜರಾಗದೆ ವಜಾ ಆಗಿ, ಅಲ್ಲಿಂದ ಕೆಳಗಿಳಿದು ಬಂದು ಯಾರೂ ಮುಂದುವರಿಸದೆ ನಿಂತಿತ್ತು. ಪುಟ್ಟಜ್ಜಿ ಓದುಬರಹ ಬಾರದವಳು. ಗೆದ್ದದ್ದು ಅವಳಿಗೆ ಯಾರೂ ಹೇಳಿರಲಿಕ್ಕಿಲ್ಲ.

ಕ್ರಯಪತ್ರ, ವಿಲ್, ಪ್ರೊಬೇಟ್, ಮೇಲ್ಮನವಿಯ ಆದೇಶ, ದಾನಪತ್ರ ಎಲ್ಲವನ್ನೂ ಸಾಲಾಗಿ ಜೋಡಿಸಿ ಕೊಟ್ಟೆವು. ಈ ನಡುವೆ ಒಂದು ಕಚೇರಿಯಲ್ಲಿ ಒಬ್ಬಾತ ಕಡತ ಕಾಣೆಯಾಗಿದೆ ಅಂತ ಬರೆದುಕೊಡಲು ಸಿದ್ಧನಾಗಿದ್ದ. ಅದೇ ಕಚೇರಿಯಲ್ಲಿ ಇನ್ನೊಬ್ಬ ಏಣಿ ಹತ್ತಿ ಹುಡುಕಿಕೊಟ್ಟ. ಯಾವ ಊರು ಅಂತ ಹೇಳುವುದು ಬೇಡ.

ನೋಟಿಸ್ ಹೊರಟ ಮೇಲೆ ನನಗೆ ಒಂದು ಫೋನ್ ಬಂತು. ಅಂದು ತಕರಾರು ಹಾಕಿದ್ದವರ ಮೊಮ್ಮಗ. ನಾನು ಜಗಳಕ್ಕೆ ಸಿದ್ಧಳಾಗೇ ಎತ್ತಿದೆ.

“ಅಕ್ಕ, ನಮ್ದೇನು ತಕರಾರಿಲ್ಲ, ರುಜು ಹಾಕ್ಕೊಡ್ತೀವಿ. ಆದ್ರೆ ಆ ವಿಲ್ ಕಾಪಿ ನಮ್ಗೂ ಒಂದು ಬೇಕು.”

ಅವರ ಖುಷ್ಕಿ ಇನ್ನೂ ಒಟ್ಟು ಖಾತೆಯಲ್ಲೇ ಇತ್ತು. ಬಾಯಿಮಾತಿನಲ್ಲಿ ಆದ ಪಾಲಿಗೆ, ಯಾರ ಭಾಗಕ್ಕೆ ಯಾವ ಹೊಲ ಅನ್ನುವುದಕ್ಕೆ ನಾಲ್ಕು ಜನ ಒಪ್ಪುವಂಥ ಬರಹ ತಾತನ ವಿಲ್ ಒಂದೇ. ಅಜ್ಜ ಸುಳ್ಳು ಅಂದ ಕಾಗದವನ್ನು ಮೊಮ್ಮಗ ಲ್ಯಾಮಿನೇಟ್ ಮಾಡಿಸಿ ಇಟ್ಟುಕೊಂಡಿದ್ದಾನೆ. ಕಾನೂನಿನ ಪ್ರಕಾರ ಅದರಿಂದ ಪಾಲು ರುಜುವಾತಾಗುವುದೋ ಇಲ್ಲವೋ, ಊರ ಪಂಚಾಯ್ತಿಗೆ ಅಷ್ಟು ಸಾಕಾಯಿತು.

ಅವ್ವನ ಹೆಸರಿಗೆ ಖಾತೆ ಆಯಿತು, ಪಹಣಿಯನ್ನು ಕೈಯಲ್ಲಿ ಹಿಡಿದು ನೋಡಿದಳು. ಕಂದಾಯ ಇಲಾಖೆ 2024ರಿಂದ ಭೂ ಸುರಕ್ಷಾ ಯೋಜನೆಯಲ್ಲಿ ತಾಲ್ಲೂಕು ಕಚೇರಿಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಿಸುತ್ತಿರುವುದರಿಂದ ಮುಂದಿನವರಿಗೆ ಏಣಿಯ ಹಂಗು ಕಡಿಮೆಯಾಗಬಹುದು. ಆದರೆ ಯಾವ ಯಂತ್ರವೂ ಎಕ್ಸಿಕ್ಯೂಟರ್ ಹೆಸರನ್ನು ನಿಮಗಾಗಿ ಊಹಿಸುವುದಿಲ್ಲ. ನಿಮ್ಮ ಮನೆಯಲ್ಲಿ ವಿಲ್‌ನ ಸುದ್ದಿ ಗೊತ್ತಿರುವ ಹಿರಿಯರು ಇನ್ನೂ ಇದ್ದರೆ ಈ ವಾರವೇ ಕೇಳಿ ಬರೆದಿಡಿ: ಯಾವ ಊರಿನ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ, ಯಾವ ವರ್ಷ, ಜಾರಿ ಮಾಡಲು ಯಾರನ್ನು ನೇಮಿಸಿದ್ದರು, ಬರೆದವರು ಸತ್ತದ್ದು ಯಾವ ಹಬ್ಬದ ಹಿಂದೆಮುಂದೆ. ಕೋರ್ಟಿಗೆ ಹೋಗಿದ್ದರೆ ನಂಬರನ್ನೂ ಕೇಳಿ. ಜೆರಾಕ್ಸ್ ನೆಚ್ಚಿಕೊಳ್ಳಬೇಡಿ, ದೃಢೀಕೃತ ನಕಲು ಎರಡು ತೆಗೆಸಿ, ಒಂದನ್ನು ಹೆಣ್ಣುಮಕ್ಕಳ ಕೈಯಲ್ಲಿ ಕೊಟ್ಟಿರಿ.